ಇಬ್ಬರೂ ಬಂದರೆ ಬರ್ರಿ

ಅವರ ಮುಖವನ್ನು ಬರೆಯಲು ಕೂತರೆ ಬೆನ್ನೇ ಬರುತ್ತದೆ. ಬಣ್ಣ ಹೋದ ಕರಿಯ ಕೋಟಿನ ಬೆನ್ನು, ಅದರ ನಡುವೆ ಇಸ್ತ್ರಿ ಹತ್ತಿ ಸುಟ್ಟ ಒಂದು ಗುರುತು. ಇದಕ್ಕೆ ಕಾರಣವಿದೆ. ನಾರಾಯಣಪೇಟೆಯ ಅವರ ಮನೆಯ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿದ ಉದ್ದನೆಯ ಮರದ ಬಾಕೊಂದಿತ್ತು. ನಡುವೆ ಅವರು ಕೂರುತ್ತಿದ್ದರು. ಆ ಕಡೆ ಒಬ್ಬ ಜಗಳದವನು, ಈ ಕಡೆ ಇನ್ನೊಬ್ಬ. ಮೂವರೂ ಒಬ್ಬರನ್ನೊಬ್ಬರು ನೋಡದೆ, ಬೀದಿಯನ್ನೇ ನೋಡುತ್ತ ಮಾತಾಡುತ್ತಿದ್ದರು. ನಾನು ಬಾಡಿಗೆಗಿದ್ದ ಕೋಣೆಯ ಕಿಟಕಿ ಆ ಬಾಕಿನ ಹಿಂದಕ್ಕೆ ಬರುತ್ತಿತ್ತು. ನಾನು ಕಂಡದ್ದು ಬೆನ್ನುಗಳನ್ನು.

"ಎದುರಾಬದುರಾ ಕುಂತ್ರ ಮಾರಿ ನೋಡ್ತಾರ, ಮಾಸ್ತರ," ಎಂದು ಒಮ್ಮೆ ನನಗೆ ಹೇಳಿದ್ದರು. "ಮಾರಿ ನೋಡಿದ್ರ ಹಳೇದೆಲ್ಲ ನೆನಪಾಗ್ತದ. ಬೀದಿ ನೋಡಲಿ. ಬೀದಿ ಇಬ್ಬರದೂ ಅದ."

ಅವರ ಹೆಸರನ್ನು ಬರೆಯುವುದಿಲ್ಲ. ಆ ಕಾಲದ ಆ ಊರಿನಲ್ಲಿ ಹೆಸರು ಹೇಳಿದ ಕೂಡಲೇ ಮನುಷ್ಯ ಯಾರ ಪೈಕಿ ಎಂದು ತೀರ್ಮಾನವಾಗುತ್ತಿತ್ತು. ಯಾರ ಪೈಕಿಯೂ ಆಗದೆ ಇರುವುದಕ್ಕೇ ಬದುಕನ್ನು ಕೊಟ್ಟವರನ್ನು ಈಗ ನಾನು ಒಂದು ಕಡೆಗೆ ದೂಡಲಾರೆ. ಊರು ವಕೀಲರು ಎನ್ನುತ್ತಿತ್ತು. ಅಷ್ಟು ಸಾಕು.

ಕಳೆದ ತಿಂಗಳು ರಾಯಚೂರಿನ ಬಸ್ ನಿಲ್ದಾಣದಲ್ಲಿ ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬ ಪಕ್ಕದಲ್ಲಿ ಕೂತಿದ್ದ. ಆ ಮನೆಯ ಬಗ್ಗೆ ಕೇಳಿದೆ. ಕೆಡವಿ ಬಹಳ ದಿನವಾಯಿತು ಎಂದ. ಕಟ್ಟೆಯ ಮೇಲೆ ಒಂದು ಬಾಕಿತ್ತಲ್ಲ ಎಂದೆ. "ಯಾವ ಬಾಕ್ರಿ?" ಎಂದ. ಅವನ ಪ್ರಶ್ನೆಯ ನಂತರ ನನಗೂ ಸ್ವಲ್ಪ ಅನುಮಾನ ಬಂದಿದೆ. ಹಾಗಾಗಿ ಬೇಗ ಬರೆಯುತ್ತಿದ್ದೇನೆ.

*

ನಾನು ಆ ಊರಿಗೆ ಮಾಸ್ತರನಾಗಿ ಹೋದದ್ದು ನಿಜಾಮ ಸರ್ಕಾರದ ಕೊನೆಯ ದಿನಗಳಲ್ಲಿ. ಅದು ಕೊನೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೋಣೆ ಕೇಳಲು ಹೋದಾಗ ಅವರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಮುನ್ಸಿಫ್ ಕೋರ್ಟಿನಲ್ಲಿ ಉರ್ದುವಿನಲ್ಲಿ ವಾದಿಸುವ ಮನುಷ್ಯ ಮೊರ ಹಿಡಿದು ಕೂತದ್ದು ಕಂಡು ನಾನು ತಪ್ಪು ಮನೆಗೆ ಬಂದೆನೆಂದುಕೊಂಡೆ.

"ಯಾವೂರು?"

"ರಾಯಚೂರು ರಿ."

"ಇಲ್ಲಿ ಯಾರ ಪೈಕಿ?"

"ಯಾರ ಪೈಕಿನೂ ಅಲ್ರಿ. ಬಳಗ ಯಾರೂ ಇಲ್ಲ."

"ಹಂಗಾದ್ರ ಕೋಣಿ ಸಿಕ್ತದ. ಊಟ ಸಿಗಂಗಿಲ್ಲ. ನಾ ಮಾಡಿದ್ದು ನನಗ ಸೇರಂಗಿಲ್ಲ, ನಿಮಗೆಲ್ಲಿ ಹಾಕಲಿ?" ಮೊರದಿಂದ ಒಂದು ಕಲ್ಲನ್ನು ಹೆಕ್ಕಿ ಬೀದಿಗೆ ಎಸೆದರು. "ಒಂದು ಮಾತು. ನೇಕಾರರ ಓಣ್ಯಾಗ ಮದುವಿಗೆ ಕರದ್ರ, ಹೋಗೂಮುಂದ ಬಣ್ಣದವರ ಓಣ್ಯಾಗ ಮದುವಿ ಯಾವಾಗ ಅದ ಅಂತ ಕೇಳ್ಕೊಂಡು ಹೋಗ್ರಿ. ಎರಡಕ್ಕೂ ಹೋಗ್ರಿ. ಇಲ್ಲಾ ಎರಡೂ ಬಿಡ್ರಿ. ನಾ ಬಿಟ್ಟೀನಿ."

ಅವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಅಣ್ಣನ ಮನೆತನ ಮಂತ್ರಾಲಯದ ಕಡೆ ಮಠದ ಸೇವೆಯಲ್ಲಿತ್ತು. ಇಲ್ಲಿಗೆ ಬಂದುಬಿಡು ಎಂದು ಅಣ್ಣ ಹೇಳಿ ಕಳಿಸುತ್ತಲೇ ಇದ್ದ. ಹೋಗಬಾರದೇಕೆ ಎಂದು ನಾನು ಕೇಳಿದ್ದಕ್ಕೆ, "ನಾ ಹೋದ್ರ ಊರು ಏನಂತದ? ಹೆದರಿ ಓಡಿದ ಅಂತದ. ಇಲ್ಲಾ, ಇವಗ ಮುಂದಾಗೋದು ಮೊದಲ ಗೊತ್ತಿತ್ತು ಅಂತದ. ಎರಡೂ ಛಲೋ ಅಲ್ಲ," ಎಂದರು. ಅಣ್ಣನಿಗೂ ಇದೇ ಉತ್ತರ ಹೋಗುತ್ತಿತ್ತೇನೋ. ಆಮೇಲೆ ಅಣ್ಣ ಹೇಳಿ ಕಳಿಸುವುದನ್ನು ಬಿಟ್ಟ.

*

ಜಗಳ ಎರಡು ಓಣಿಗಳದು. ಸೀರೆ ನೇಯುವವರದು ಒಂದು ಓಣಿ, ನೂಲಿಗೆ ಬಣ್ಣ ಹಾಕುವ ಸಾಬರದು ಪಕ್ಕದ ಓಣಿ. ನಡುವೆ ಒಂದು ಬಾವಿ. ಒಬ್ಬರಿಲ್ಲದೆ ಇನ್ನೊಬ್ಬರ ಹೊಟ್ಟೆ ನಡೆಯದು, ಒಬ್ಬರಿದ್ದರೆ ಇನ್ನೊಬ್ಬರಿಗೆ ನೀರು ಸರಿಯಾಗಿ ಸಿಗದು. ಅಜ್ಜಂದಿರ ಕಾಲದಿಂದ ಬಂದ ಈ ನೀರಿನ ಜಗಳದ ಮೇಲೆ ಹೊಸ ಕಾಲದ ಜಗಳ ಬಂದು ಕೂತಿತ್ತು: ದೇಶ ಯಾರದು, ಬಾವಟೆ ಯಾವುದು ಎನ್ನುವುದು. ಬಾವಿಯ ಕಟ್ಟೆ ಮೇಲೆ ಕೊಡ ತಾಗಿದರೂ ಮಾತು ಹೈದರಾಬಾದು ದಿಲ್ಲಿಗಳ ತನಕ ಹೋಗುತ್ತಿತ್ತು.

ನೇಕಾರರ ಹಿರಿಯ ಬಸಪ್ಪ. ದಪ್ಪ ಮೈ, ಬಾಯಲ್ಲಿ ಸದಾ ತಂಬಾಕು, ನಕ್ಕರೆ ಬಾಕು ಅಲುಗುತ್ತಿತ್ತು. ಬಣ್ಣದವರ ಹಿರಿಯ ಖಾಸೀಂ ಸಾಬ. ತೆಳ್ಳಗೆ, ಮೊಳಕೈ ತನಕ ಕೈ ನೀಲಿ, ತೊಳೆದರೂ ಹೋಗದ ನೀಲಿ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಇಬ್ಬರೂ ಬಾಕಿಗೆ ಬರುತ್ತಿದ್ದರು. ವಕೀಲರು ಇದನ್ನು ಪೇಶಿ ಎನ್ನುತ್ತಿದ್ದರು, ಕೋರ್ಟಿನಲ್ಲಿ ಮೊಕದ್ದಮೆ ಕರೆಯುವ ದಿನಕ್ಕೆ ಹೇಳುವ ಹಾಗೆ. ಆದರೆ ಅವರ ಪೇಶಿಯ ಕ್ರಮ ಯಾವ ಕೋರ್ಟಿನಲ್ಲೂ ಇರಲಿಲ್ಲ. ಅಲ್ಲಿ ಯಾರೂ ತಮ್ಮ ದೂರನ್ನು ಹೇಳುವಂತಿರಲಿಲ್ಲ. ಎದುರಿನವನ ದೂರನ್ನು ಹೇಳಬೇಕಿತ್ತು.

"ಬಸಪ್ಪ, ಖಾಸೀಂನ ದೂರು ಏನದ?"

"ಅವನ ದೂರು ನನಗೇನ್ ಗೊತ್ತರಿ? ಅವನ್ನ ಕೇಳ್ರಿ."

"ಗೊತ್ತಿಲ್ಲಂದ್ರ ಮೊನ್ನಿ ಬಾವಿ ಕಡೆ ಯಾರ ಕೂಡ ಜಗಳ ಮಾಡಿದಿ? ಗಾಳಿ ಕೂಡೇನು?"

ಬಸಪ್ಪ ತಂಬಾಕು ಉಗುಳಿ ಬಂದ. "ಮುಂಜಾನಿ ಅವರ ಹೆಣ್ಮಕ್ಳಿಗೆ ನಾವು ಬಾವಿಗೆ ಇಳಿಯಾಕ ಬಿಡಲಿಲ್ಲ ಅಂತ ಅವನ ದೂರು."

"ಖಾಸೀಂ, ಇಷ್ಟೇನು?"

"ಇನ್ನೂ ಐತಿ ಸಾಬ್. ನೂಲು ತೊಳೆಯೋ ಕಲ್ಲಿನ ಮ್ಯಾಲ ಸಗಣಿ ಒಗದ್ರು. ಅದನ್ನ ನುಂಗಿದ."

"ಬಸಪ್ಪ, ನುಂಗಿದ್ದು ಹೊರಗ ತಗಿ."

"ಒಗದ್ವಿರಿ. ನಮ್ಮ ಎಮ್ಮೀದು. ಆತಾ?"

"ಈಗ ಖಾಸೀಂ, ನೀ ಅವನದು ಹೇಳು."

"ನಾವು ನೂಲು ತೊಳದ ನೀರು ಬಾವೀಗೆ ಇಳೀತದ. ಇವರ ಮನ್ಯಾಗ ಅನ್ನ ಗುಲಾಬಿ ಆಗ್ತದ."

"ಗುಲಾಬಿ ಅಲ್ಲೋ," ಎಂದ ಬಸಪ್ಪ. "ಹಸರು. ಮೊನ್ನಿ ಹಸರು ಆಗಿತ್ತು. ನನ್ನ ಹೇಣ್ತಿ ಗಿಣೀಗೆ ಹಾಕ್ತೀನಿ ಅಂದ್ಲು."

"ಹೌ ಸಾಬ್, ಹಸರು. ಹಬ್ಬದ ಮಾಲಿತ್ತು."

ಎದುರಿನವನು ಹೌದು ಎಂದ ಮೇಲೇ ಆ ದೂರು ಪೂರ್ತಿಯಾದಂತೆ. ಆ ದಿನ ಮುಂಜಾನೆಯ ನೀರು ನೇಕಾರರಿಗೆ, ಹೊತ್ತೇರಿದ ಮೇಲಿನದು ಬಣ್ಣದವರಿಗೆ, ತೊಳೆಯುವ ಕಲ್ಲು ಇಳಿಜಾರಿಗೆ ಎಂದಾಯಿತು. ಇದನ್ನೆಲ್ಲ ಬರೆದಿಡಬಾರದೇ ಎಂದು ನಾನು ಆಮೇಲೆ ಕೇಳಿದೆ.

"ಬರದದ್ದನ್ನ ಹರೀತಾರ. ಹೋಗ್ಲಿ, ಯಾವ ಭಾಷಾದಾಗ ಬರೀಲಿ? ಅದಕ್ಕ ಮತ್ತೊಂದು ಜಗಳ." ಅವರು ಬರೆಸುವ ಬದಲು ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲೂ ಅವರದೇ ಕ್ರಮ. ಬಣ್ಣದವರಿಗೆ ಸಿಕ್ಕಿದ್ದನ್ನು ಬಸಪ್ಪ ನೆನಪಿಡಬೇಕು, ನೇಕಾರರಿಗೆ ಸಿಕ್ಕಿದ್ದನ್ನು ಖಾಸೀಂ. "ತನ್ನ ಹಕ್ಕು ಯಾವನೂ ಮರೆಯಂಗಿಲ್ಲ ಮಾಸ್ತರ. ಇನ್ನೊಬ್ಬನದು ಮರೀತಾನ. ಮರೆಯೋದನ್ನ ಪಾಠ ಮಾಡಿಸಬೇಕು."

ಈ ಮಾತುಗಳನ್ನು ಅವರು ಹೀಗೇ, ಇಷ್ಟು ಚಂದವಾಗಿ ಆಡಿದ್ದರೇ? ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವನು, ಮಾತನ್ನು ತಿದ್ದುವುದು ಅಭ್ಯಾಸ. ಅವರ ಮಾತಿನ ನಡುವೆ ಬಹಳ ಕೆಮ್ಮಿತ್ತು. ಅದನ್ನು ನಾನು ಬಿಟ್ಟಿದ್ದೇನೆ.

*

ಆಮೇಲೆ ನಿಜಾಮನ ಪರವಾಗಿ ಭಾಲೆ ಹಿಡಿದ ಖಾಕಿ ಹುಡುಗರ ಕಾಲ ಬಂತು. ಗಡಿಯ ಆ ಕಡೆ, ಇಂಡಿಯಾದ ನೆಲದಲ್ಲಿ, ಅವರ ವಿರುದ್ಧ ಶಿಬಿರ ಹಾಕಿದವರ ಕಾಲವೂ ಅದೇ. ರಾತ್ರಿ ಒಬ್ಬರು ಬಂದರೆ ಹಗಲು ಇನ್ನೊಬ್ಬರು. ಖಾಕಿಯವರು ಬಾವಿಯ ಕಟ್ಟೆ ಮೇಲೆ ತಮ್ಮ ಬಾವಟೆ ನೆಟ್ಟರು. ಶಿಬಿರದವರು ಅದನ್ನು ಕಿತ್ತು ತಮ್ಮದನ್ನು ನೆಡುತ್ತೇವೆ ಎಂದು ಹೇಳಿ ಕಳಿಸಿದರು. ನೆಟ್ಟ ಮರುದಿನ ಎರಡು ಓಣಿಗಳೂ ಉರಿಯುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು.

ವಕೀಲರು ಎತ್ತಿನ ಗಾಡಿಯಲ್ಲಿ ಮಕ್ತಲಕ್ಕೆ ಹೋಗಿ ಖಾಕಿಯವರ ಮುಖಂಡನನ್ನು ಕಂಡರು. ಅವನ ಜೊತೆ ಉರ್ದುವಿನ ಶಾಯರಿ, ಹಳೆಯ ಜಾಗೀರದಾರರ ಮನೆಗಳ ಮರ್ಯಾದೆ, ಬಾವಿಯ ಮೇಲೆ ಬಾವಟೆ ನೆಟ್ಟರೆ ಕೊಡಗಳ ನೀರು ಅದಕ್ಕೆ ಸಿಡಿಯುತ್ತದೆ, ಅದು ಅದಬ್ ಅಲ್ಲ, ಸಭ್ಯತೆಯಲ್ಲ ಎನ್ನುವ ಮಾತು. ಅಲ್ಲಿಂದ ಹಾಗೇ ಹೊಳೆ ದಂಡೆಗೆ ಹೋಗಿ ಶಿಬಿರದವನೊಬ್ಬನನ್ನು ಕಂಡರು. ಅವನ ಜೊತೆ ಬೇರೆ ಮಾತು: ಬಾವಟೆ ತಾನಾಗಿಯೇ ಇಳಿಯುತ್ತಿದೆ, ನೀವು ಕಿತ್ತರೆ ಇಳಿದದ್ದಕ್ಕೆ ಅರ್ಥವಿಲ್ಲ. ಬಾವಟೆ ಬಾವಿಯಿಂದ ಎದ್ದು ಬಣ್ಣದವರ ಓಣಿಯ ಒಳಗೆ ಹೋಯಿತು. ಯಾರೂ ಸಾಯಲಿಲ್ಲ. ಯಾರೂ ಅವರನ್ನು ಹೊಗಳಲೂ ಇಲ್ಲ. "ವಕೀಲರದು ಮುಂಜಾನಿ ಸಲಾಂ, ಸಂಜೀಕ ನಮಸ್ಕಾರ," ಎಂದು ಪೇಟೆಯಲ್ಲಿ ಅವರಿಗೆ ಕೇಳುವ ಹಾಗೇ ಅಂದರು.

"ಮಧ್ಯಾಹ್ನ ನನ್ನದು," ಎಂದು ಹೇಳಿ ಅವರು ಮುಂದೆ ನಡೆದರು.

ಒಂದು ಮನೆಗೆ ಒಂದೇ ಕೀಲಿಕೈ ಸಾಲದು ಎನ್ನುವುದು ಅವರ ನಂಬಿಕೆ. ಕೆಲವನ್ನು ಬೇರೆ ಮಾಡಿ ಉಳಿಸಬೇಕು, ನೀರಿನ ಹೊತ್ತಿನ ಹಾಗೆ. ಕೆಲವನ್ನು ಕೂಡಿಸಿ ಉಳಿಸಬೇಕು, ನೂಲು ಆರಿಸುವ ಕಂಬಗಳ ಹಾಗೆ. ಅವು ಎರಡೂ ಓಣಿಗೆ ಒಂದೇ ಇರಲಿ ಎಂದು ಹಟ ಹಿಡಿದಿದ್ದರು. ಕೆಲವಕ್ಕೆ ಬಂದೂಕಿನ ಹೆದರಿಕೆಯೂ ಬೇಕು. "ಬಗಿಹರಿಸೋದು ಬ್ಯಾರೆ, ಸಂಭಾಳಿಸೋದು ಬ್ಯಾರೆ. ಬಗಿಹರಿಸ್ತೀನಂತ ಹೊರಟವರನ್ನ ಭಾಳ ನೋಡೀನಿ. ಅವರ ಕಾಲದಾಗನ ಹೆಣ ಬೀಳ್ತಾವ."

ಆದರೆ ಯಾವ ಕೀಲಿಗೂ ತೆರೆಯದ್ದು ಒಂದು ಆಗಿಹೋಯಿತು. ಬಸಪ್ಪನ ತಮ್ಮನನ್ನು ಖಾಕಿಯವರು ಕರೆದೊಯ್ದರು, ಶಿಬಿರಕ್ಕೆ ಅನ್ನ ಸಾಗಿಸಿದ ಎಂದು. ಅವನು ತಿರುಗಿ ಬರಲಿಲ್ಲ. ಊರಿಗೆ ಹೊಸಬರಾದ ಅವರಿಗೆ ಮನೆ ತೋರಿಸಿದವರು ಯಾರೋ ಇರಬೇಕಲ್ಲ. ಬಣ್ಣದವರ ಓಣಿಯವರು ಎಂದು ನೇಕಾರರು ನಂಬಿದರು.

ಭಾದ್ರಪದದಲ್ಲಿ ಇಂಡಿಯಾದ ಫೌಜು ಬಂತು. ಪೊಲೀಸ್ ಆ್ಯಕ್ಷನ್ ಎಂದು ಅದನ್ನು ಆಮೇಲೆ ಕರೆದರು. ಖಾಕಿಯವರು ಬಟ್ಟೆ ಬಿಚ್ಚಿಟ್ಟು ಮಾಯವಾದರು, ಬಣ್ಣದವರ ಓಣಿ ಮಾಯವಾಗಲಿಲ್ಲ. ಸಿಟ್ಟೆಲ್ಲ ಅಲ್ಲಿಗೆ ಹೋಯಿತು. ಅವರ ಬಣ್ಣದ ಹೊಂಡಗಳನ್ನು ಒಡೆದರು, ಚಪ್ಪರಕ್ಕೆ ಬೆಂಕಿ ಹಾಕಿದರು. ಓಣಿಗೆ ಓಣಿಯೇ ಮಕ್ಕಳನ್ನು ಕಟ್ಟಿಕೊಂಡು ಕೃಷ್ಣೆ ದಾಟಿ ಗದ್ವಾಲದ ನೆಂಟರಲ್ಲಿಗೆ ಓಡಿತು. ಚರಂಡಿಯಲ್ಲಿ ನೀಲಿ ಹರಿದದ್ದನ್ನು ನಾನು ಕಂಡಿದ್ದೇನೆ. ಕೆಂಪು ಎಂದು ಬರೆದರೆ ಹೆಚ್ಚು ಪರಿಣಾಮವಾಗುತ್ತಿತ್ತು. ನೀಲಿ.

*

ಬಣ್ಣದವರನ್ನು ಯಾರು ಹೊರಹಾಕಿದರೋ ಅವರೇ ಕರೆತರಬೇಕು ಎಂದು ವಕೀಲರು ನಿಶ್ಚಯಿಸಿದರು. ಖಾಲಿ ಬಿದ್ದ ಮನೆಗಳ ಬಾಗಿಲುಗಳನ್ನು ಆಗಲೇ ಕೆಲವರು ಅಳೆಯುತ್ತಿದ್ದರು. ಇನ್ನು ಸ್ವಲ್ಪ ದಿನ ಹೋದರೆ ಓಣಿ ಬೇರೆಯವರದಾಗುತ್ತಿತ್ತು, ಗದ್ವಾಲದಲ್ಲಿ ಅವರೂ ಹೊಸ ಹೊಂಡ ತೋಡುತ್ತಿದ್ದರು. ಆಮೇಲೆ ಯಾವ ವಕೀಲನಿಂದಲೂ ಆಗದು.

ಫೌಜಿನ ಅಧಿಕಾರಿಯ ಹತ್ತಿರ ಹೋಗಿ, ಊರು ಶಾಂತವಾಗಿದೆ ಎಂದು ನೀವು ಮೇಲಕ್ಕೆ ವರದಿ ಕಳಿಸುವ ಮೊದಲು ಊರು ಭರ್ತಿಯಾಗಬೇಕಲ್ಲ ಎಂದರು. ಬಾವಿಯ ಹತ್ತಿರ ಕಾವಲು ಹಾಕಲು ಅವನು ಒಪ್ಪಿದ. ಆಮೇಲೆ ಬಸಪ್ಪನ ಮನೆ ಮುಂದೆ ಬೀದಿಯಲ್ಲೇ ನಿಂತು ಕರೆದರು. ಒಳಗೆ ಹೋಗಲಿಲ್ಲ.

"ಮಗ್ಗದ ಮ್ಯಾಲ ಏನು ಹಾಕೀರಿ?"

"ಬಿಳೀ ನೂಲು. ಮತ್ತೇನೈತ್ರಿ?"

"ಬಿಳೀ ಸೀರಿ ಯಾರು ಉಡ್ತಾರ?"

ಬಸಪ್ಪ ಬಾಗಿಲ ಒಳಕ್ಕೆ ನೋಡಿದ. ತಮ್ಮನ ಹೆಂಡತಿ ಒಳಗಿದ್ದಳು. ಏನು ಉಡಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಗಂಡ ಸತ್ತ ಎಂದು ಯಾರೂ ಹೇಳಿರಲಿಲ್ಲವಲ್ಲ.

"ಗದ್ವಾಲಕ್ಕ ನನ್ನ ಕೂಡ ಬಾ."

"ನಾನಾ? ಅವರನ್ನ ಕರಿಯಾಕ? ವಕೀಲರ, ನಿಮಗ ತಲಿ ನೆಟ್ಟಗೈತಿಲ್ಲೋ?"

"ನಾ ಒಬ್ಬಾಂವ ಹೋದ್ರ ಕರದಂಗ ಆಗ್ತದ. ನೀ ಬಂದ್ರ ಬರ್ತಾರ."

ಅವನು ಯಾಕೆ ಬಂದ ಎನ್ನುವುದು ನನಗೆ ಇವತ್ತಿಗೂ ತಿಳಿಯದು. ಮಗ್ಗಕ್ಕಾಗಿ ಎಂದು ಪೇಟೆಯವರು ಅಂದರು. ಇರಬಹುದು. ಶಾಲೆ ಮುಚ್ಚಿತ್ತು, ನಾನೂ ಹೊರಟೆ. ಕೃಷ್ಣೆ ತುಂಬಿ ಹರಿಯುತ್ತಿತ್ತು. ಹರಿಗೋಲು ತಿರುಗುತ್ತ ತಿರುಗುತ್ತ ದಾಟುವಾಗ ಬಸಪ್ಪ ಎಲ್ಲರಿಗೂ ಬೆನ್ನು ಹಾಕಿ ಕೂರಲು ನೋಡಿದ. ತಿರುಗುವ ಹರಿಗೋಲಿನಲ್ಲಿ ಅವನು ಹೇಗೆ ಕೂತರೂ ಸ್ವಲ್ಪ ಹೊತ್ತಿಗೆ ಗದ್ವಾಲದ ದಂಡೆಯೇ ಎದುರು ಬರುತ್ತಿತ್ತು.

ಗದ್ವಾಲದ ಕೋಟೆಗೋಡೆಯ ನೆರಳಿನಲ್ಲಿ ಖಾಸೀಂ ಹೊಸ ಹೊಂಡಕ್ಕೆ ಗಾರೆ ಹಚ್ಚುತ್ತಿದ್ದ. ನಮ್ಮನ್ನು ಕಂಡು ಎದ್ದ. ಸಲಾಂ ಮಾಡಲಿಲ್ಲ. ಅವನ ಕೈಗಳ ನೀಲಿ ತುಸು ಇಳಿದಿತ್ತು. ಬಾಕಿರಲಿಲ್ಲ, ವಕೀಲರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ನಡುವೆ ಕೂತರು. ಅವರಿಬ್ಬರೂ ಬಹಳ ಹೊತ್ತಿನ ಮೇಲೆ ಆ ಕಡೆ ಈ ಕಡೆ ಕೂತರು.

"ಬಸಪ್ಪ, ಖಾಸೀಂನ ದೂರು ಹೇಳು."

ಬಸಪ್ಪ ಮಣ್ಣಿನ ಮೇಲೆ ಗೆರೆ ಎಳೆಯುತ್ತಿದ್ದ. "ಅವನ ಹೊಂಡ ಒಡದ್ರು. ಚಪ್ಪರ ಸುಟ್ರು."

"ಇಷ್ಟೇನು ಖಾಸೀಂ?"

ಖಾಸೀಂ ಕೈಗಂಟಿದ ಗಾರೆ ಕೆರೆದುಕೊಳ್ಳುತ್ತಿದ್ದ.

"ಬಸಪ್ಪ, ಇನ್ನೂ ಅದ."

"ಅವನ ಅವ್ವ," ಎಂದ ಬಸಪ್ಪ. ಗೆರೆ ಅಳಿಸಿ ಮತ್ತೆ ಹೇಳಿದ. "ಅವನ ಅವ್ವ ಹೊಳಿ ದಂಡೀ ಮ್ಯಾಲ ಸತ್ಲು. ಹರಿಗೋಲು ಸಿಗಲಾರದ ಮಳ್ಯಾಗ ಕುಂತಿದ್ಲು. ನನಗ ಸಣ್ಣಾಂವ ಇದ್ದಾಗ ಆಕಿ ಕೈತುಂಬ ಖರ್ಜೂರ ಕೊಡ್ತಿದ್ಲು. ಅದೂ ದೂರಿನ್ಯಾಗ ಹಾಕ್ರಿ."

ಖಾಸೀಂ ಹೌದು ಎಂದನೋ ತಲೆ ಆಡಿಸಿದನೋ ನೆನಪಿಲ್ಲ. ಅವನ ಸರದಿ ಬಂದಾಗ ಒಂದೇ ಉಸಿರಿಗೆ ಹೇಳಿದ: "ಇವನ ತಮ್ಮ ಮನೀಗೆ ಬರಲಿಲ್ಲ. ಯಾರು ಮನಿ ತೋರಿಸ್ದೋರು ಅಂತ ಇವ ನನ್ನ ಕೇಳಬೇಕಂತಾನ. ಕೇಳಾಕ ಆಗವಲ್ದು ಇವಗ. ನನಗೂ ಹೇಳಾಕ ಆಗವಲ್ದು."

ವಕೀಲರು ಎದುರಿನ ಬೀದಿ ನೋಡಿದರು. ಆಮೇಲೆ ಅಂದರು: "ಈ ಒಂದನ್ನ ನಾ ಮುಗಿಸಂಗಿಲ್ಲ, ಮುಚ್ಚಂಗಿಲ್ಲ. ಪ್ರತಿ ಪೇಶ್ಯಾಗ ಮೊದಲ ಇದನ್ನ ಕರೀತೀನಿ. ಇಬ್ಬರೂ ಇವತ್ತು ಕೇಳೋಣ ಅಂದ್ರ ಕೇಳೋಣ. ಒಬ್ಬರು ಬ್ಯಾಡ ಅಂದ್ರ ಮುಂದಿನ ಶುಕ್ರವಾರಕ್ಕ ವಾಯಿದಾ. ಒಪ್ಪಿಗಿ ಏನು?"

ಬಣ್ಣದವರು ತಿರುಗಿ ಬಂದರು. ಎಲ್ಲರೂ ಅಲ್ಲ, ಬಹಳ ಮಂದಿ. ಕೈಯಾರೆ ಒಡೆದವರಲ್ಲಿ ಕೆಲವರು ಹೊಂಡಕ್ಕೆ ಕಲ್ಲು ಹೊತ್ತರು.

*

ಅವರು ಬಂದ ದಿನವೇ ವಕೀಲರು ಕಟ್ಟೆಯ ಮೇಲೆ ನಿಂತು ಎರಡು ಓಣಿಗೂ ಒಂದು ಮಾತು ಹೇಳಿದರು. "ನನ್ನ ಮನೀಗೆ ಇಬ್ಬರೂ ಬಂದ್ರ ಬರ್ರಿ. ಒಬ್ಬರ ಬರಬ್ಯಾಡ್ರಿ. ಹಾಲು ಕೊಡಾಕ ಬಂದ್ರೂ ಒಬ್ಬರ ಬರಬ್ಯಾಡ್ರಿ. ಒಬ್ಬ ಬಂದು ಹೋದ್ರ ಇನ್ನೊಬ್ಬನ ಹೊಟ್ಟ್ಯಾಗ ಹುಳ ಆಡ್ತದ."

ಆ ಉರಿಯುವ ದಿನಗಳಲ್ಲಿ ಅದು ಬೇಕೇ ಇತ್ತು. ಅವರ ಕಿವಿ ಯಾರ ಕಡೆಗೂ ಇಲ್ಲ ಎನ್ನುವ ನಂಬಿಕೆಯೊಂದರ ಮೇಲೆ ಎಲ್ಲ ನಿಂತಿತ್ತು. ಮೊದಲ ವರ್ಷ ಶುಕ್ರವಾರ ತಪ್ಪದೆ ಪೇಶಿ. ಮೊದಲು ಆ ಒಂದನ್ನು ಕರೆಯುತ್ತಿದ್ದರು. "ಮನಿ ತೋರಿಸಿದ್ದು. ಇವತ್ತು ಕೇಳೋಣೇನು?" ಬೆನ್ನುಗಳು ಅಲುಗುತ್ತಿರಲಿಲ್ಲ. "ಇವತ್ತು ಬ್ಯಾಡ್ರಿ," ಎನ್ನುತ್ತಿದ್ದ ಬಸಪ್ಪ. ಒಮ್ಮೊಮ್ಮೆ ಅವನಿಗಿಂತ ಮೊದಲೇ ಖಾಸೀಂ, "ನಕ್ಕೋ ಸಾಬ್, ಇವತ್ತು ನಕ್ಕೋ." ಮುಂದೆ ನೀರು, ಕಂಬ, ಕಲ್ಲು. ಬಸಪ್ಪ ಒಮ್ಮೆ ಇವತ್ತು ಕೇಳೋಣ ಎಂದು ಬಾಯಿ ತೆರೆದ ಹಾಗೆ ನನಗೆ ಅನಿಸಿತ್ತು. ಕೆಮ್ಮು ಬಂತು ಅವನಿಗೆ. ಅಥವಾ ವಕೀಲರಿಗೆ.

ವರ್ಷಗಳು ಹೋದಂತೆ ಜಗಳ ಕಡಿಮೆಯಾಯಿತು. ಪೇಶಿ ತಿಂಗಳಿಗೊಮ್ಮೆ ಆಯಿತು, ಸುಗ್ಗಿಗೊಮ್ಮೆ ಆಯಿತು. ಬಾವಿಯ ಮೇಲೆ ಇಬ್ಬರೂ ತಾವೇ ಮಾತಾಡಿ ಮುಗಿಸಿಕೊಳ್ಳುತ್ತಿದ್ದರು. ಅದು ಅವರ ಗೆಲುವು ಎಂದು ನಾನು ಹೇಳಿದ್ದಕ್ಕೆ ಅವರು ಮೊರ ಕುಟ್ಟುತ್ತ, "ಹೌದು, ಹೌದು," ಎಂದರು, ಇನ್ನೊಬ್ಬರ ಮನೆಯ ಶುಭಸುದ್ದಿಗೆ ಅನ್ನುವ ಹಾಗೆ.

ಮನೆಗೆ ಯಾರೂ ಬರುತ್ತಿರಲಿಲ್ಲ. ಬಸಪ್ಪನ ಮಗಳ ಮದುವೆಯಾಯಿತು. ಕರೆಯಲು ಅವನು ಖಾಸೀಂನನ್ನು ಜೊತೆಗೆ ಕರೆತಂದ, ಇವರು ಹರಸಿ ಕಳಿಸಿದರು, ಹೋಗಲಿಲ್ಲ. ರಮ್ಜಾನಿನ ಹಬ್ಬದಂದು ಓಣಿಯಿಂದ ಬರುವ ಸೇವಿಗೆಯ ವಾಸನೆಗೆ ಕಟ್ಟೆಯ ಮೇಲೆ ಕೂತು ಮೂಗು ಎತ್ತುವುದನ್ನು ನಾನು ನೋಡಿದ್ದೇನೆ. ಮನೆಯ ಎರಡೂ ಕಡೆಗೆ ನೆಂಟರಂಥ ಜನ, ಅವರೆಲ್ಲ ಬೀದಿಯ ಆ ಬದಿಯಿಂದಲೇ ನಮಸ್ಕಾರ ಹಾಕಿ ದಾಟುತ್ತಿದ್ದರು. ನಾನಿದ್ದೆನಲ್ಲ ಎನ್ನಬಹುದು. ನಾನು ಯಾರ ಪೈಕಿಯೂ ಆಗಿರಲಿಲ್ಲ, ಹಾಗಾಗಿ ಬಂದು ಹೋದರೂ ಲೆಕ್ಕಕ್ಕಿರಲಿಲ್ಲ. ಅದನ್ನು ಅವರು ನನಗೆ ಒಮ್ಮೆ ನಗುತ್ತಲೇ ಹೇಳಿದ್ದರು.

*

ಭಾಷೆಯ ಮೇಲೆ ರಾಜ್ಯ ಒಡೆಯುತ್ತಾರೆ, ನಾವು ಆ ಕಡೆಯೋ ಈ ಕಡೆಯೋ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲಕ್ಕೆ ಅವರು ಹಾಸಿಗೆ ಹಿಡಿದರು. ಎದೆಯ ಕೆಮ್ಮು. ಸುದ್ದಿ ಎರಡೂ ಓಣಿಗೆ ಹೋಯಿತು. ಯಾರೂ ಬರಲಿಲ್ಲ. ಪೇಟೆಯಲ್ಲಿ ಸಿಕ್ಕಾಗ ಬಸಪ್ಪ ನನ್ನನ್ನು ಬದಿಗೆ ಕರೆದು, "ಖಾಸೀಂ ಹೋಗಿದ್ನೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾದ್ರ ನಾ ಹೆಂಗ ಹೋಗ್ಲಿ?" ಮರುದಿನ ಖಾಸೀಂ ಇದೇ ಮಾತು ಕೇಳಿದ.

ಇಬ್ಬರಿಗೂ ಬಿಡುವು ಕೂಡಿ ಬಂದದ್ದು ಒಂದು ಶುಕ್ರವಾರ. ಇಬ್ಬರೂ ಕಟ್ಟೆಯ ಕೆಳಗೆ ನಿಂತದ್ದು ಕಂಡು ವಕೀಲರು ನನ್ನ ಕೈಹಿಡಿದು ಎದ್ದರು, ಕೋಟು ತರಿಸಿ ಹಾಕಿಕೊಂಡರು, ಬಾಕಿನ ನಡುವೆ ಬಂದು ಕೂತರು. ಅವರಿಬ್ಬರೂ ಆ ಕಡೆ ಈ ಕಡೆ ಕೂತರು. ನಾನು ಕಿಟಕಿಗೆ ಹೋದೆ. ಮೂರು ಬೆನ್ನುಗಳು.

"ಮನಿ ತೋರಿಸಿದ್ದು. ಇವತ್ತು ಕೇಳೋಣೇನು?"

"ಇವತ್ತು ಬ್ಯಾಡ್ರಿ."

"ಮುಂದಿಂದು ಏನದ? ಏನು ತಗಾದಿ?"

"ತಗಾದಿ ಏನಿಲ್ರಿ," ಎಂದ ಬಸಪ್ಪ. "ನಿಮ್ಮನ್ನ ನೋಡಾಕ ಬಂದ್ವಿ."

ವಕೀಲರಿಗೆ ಇದು ತಿಳಿಯಲಿಲ್ಲ. ಬೀದಿಯ ಕಡೆ ನೋಡುತ್ತ, "ತಗಾದಿ ಇಲ್ದ ಯಾಕ ಬಂದ್ರಿ?" ಎಂದು ಮತ್ತೆ ಕೇಳಿದರು. ದನಿಯಲ್ಲಿ ಗದರಿಕೆ ಇರಲಿಲ್ಲ, ಗಾಬರಿ ಇತ್ತು. ಆ ಬಾಕಿನ ಮೇಲೆ ಜಗಳವಿಲ್ಲದೆ ಕೂತವರಿಗೆ ಏನು ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಖಾಸೀಂ ಗಂಟಲು ಸರಿಮಾಡಿಕೊಂಡ.

"ಐತಿ ಸಾಬ್. ಬಸಪ್ಪನ ದೂರು ಐತಿ. ಹೇಳ್ಲಾ?"

"ಹೇಳು."

"ಇವನ ಮಗಳ ಮದುವಿಗೆ ಒಬ್ಬರು ಬರಲಿಲ್ಲ. ಎಲಿ ಹಾಕಿ ಕಾಯ್ದ್ರು. ಆ ಎಲಿ ಖಾಲಿ ಇತ್ತು. ನಾ ಆ ಎಲಿ ಬಾಜೂ ಕುಂತಿದ್ದೆ."

ವಕೀಲರ ಬೆನ್ನು ನೆಟ್ಟಗಾಯಿತು. "ಬಸಪ್ಪ, ಇಷ್ಟೇನು?"

"ಇಷ್ಟ ರಿ. ಖಾಸೀಂನದು ನಾ ಹೇಳ್ತೀನಿ. ಇವನ ಮನ್ಯಾಗ ಪ್ರತಿ ವರ್ಷ ಹಬ್ಬಕ್ಕ ಒಂದು ಲೋಟ ತೊಳದು ಬ್ಯಾರೆ ಇಡ್ತಾರ. ನೀರಾದ್ರೂ ಕುಡೀಲಿ ಅಂತ. ಯಾರೂ ಬರಂಗಿಲ್ಲ. ಮತ್ತ ತೊಳದು ಒಳಗ ಇಡ್ತಾರ."

"ಇಷ್ಟೇನು ಖಾಸೀಂ?"

"ಇಷ್ಟ ಸಾಬ್."

ಅವರ ಕ್ರಮದ ಪ್ರಕಾರ ಈಗ ಎದುರಿನವನು ಮಾತಾಡಬೇಕು. ಈ ದೂರುಗಳಲ್ಲಿ ಎದುರಿನವರು ವಕೀಲರೇ. ಅವರು ಕೆಮ್ಮಿದರು. ಕೋಟಿನ ತುದಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು. ಅವರಿಗೆ ಸಿಟ್ಟು ಬಂದಿದೆ ಎಂದು ನಾನು ತಿಳಿದೆ. ಮುಖ ಕಾಣುತ್ತಿರಲಿಲ್ಲವಲ್ಲ.

"ಇದಕ್ಕ ನಾ ವಿಚಾರ ಮಾಡಬೇಕು," ಎಂದರು. "ಮುಂದಿನ ಶುಕ್ರವಾರಕ್ಕ ವಾಯಿದಾ. ಇಬ್ಬರೂ ಬರ್ರಿ."

*

ಮುಂದಿನ ಶುಕ್ರವಾರವನ್ನು ನಾನು ಬೇರೆಬೇರೆಯವರಿಗೆ ಬೇರೆಬೇರೆ ರೀತಿಯಲ್ಲಿ ಹೇಳಿದ್ದೇನೆ. ಇಬ್ಬರೂ ಬಂದರು, ಇವರು ಎದ್ದು ಇಬ್ಬರ ಮನೆಗೂ ಹೋದರು ಎಂದೂ ಒಮ್ಮೆ ಹೇಳಿದ್ದುಂಟು, ಕೇಳಿದವರಿಗೆ ಹಿತವಾಯಿತು. ನಡೆದದ್ದು ಇದು.

ಮುಂಜಾನೆಯೇ ಅವರು ಬಾಕನ್ನು ಒರೆಸಲು ಹೇಳಿದರು. ಹಿತ್ತಾಳೆಯ ತಂಬಿಗೆ, ಮೂರು ಲೋಟ ಕಟ್ಟೆಯ ಮೇಲೆ ಇಡಿಸಿದರು. ಆ ಮನೆಯಲ್ಲಿ ಮೂರು ಲೋಟ ಇವೆ ಎಂದು ನನಗೆ ಆವತ್ತೇ ಗೊತ್ತಾದದ್ದು. ನಮಾಜು ಮುಗಿದ ಮೇಲೆ ಖಾಸೀಂ ಬಂದ. ಒಬ್ಬನೇ ಬಂದ. ಬಸಪ್ಪ ನೂಲು ತರಲು ಮಕ್ತಲಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಖಾಸೀಂ ಬೀದಿಯ ಆಚೆ ಬದಿಯ ಬೇವಿನ ನೆರಳಿನಲ್ಲಿ ನಿಂತ. ಇವರು ಬಾಕಿನ ನಡುವೆ ಕೂತರು. ಇಬ್ಬರೂ ಬಸಪ್ಪ ಬರುವ ದಾರಿಯನ್ನು ನೋಡಿದರು.

ನೆರಳು ಸರಿಯಿತು. ಖಾಸೀಂ ನೆರಳಿನ ಜೊತೆ ಸರಿದ.

ವಕೀಲರು ಒಮ್ಮೆ ಕೈ ಎತ್ತಿ ಇಳಿಸಿದರು. ಮತ್ತೆ ಎತ್ತಿದರು. "ಖಾಸೀಂ," ಎಂದು ಕರೆದರು. "ಮ್ಯಾಲ ಬಾ. ನೀರು ಕುಡಿ."

ಖಾಸೀಂ ಬೀದಿಯ ನಡುವಿನ ತನಕ ಬಂದ. ಅಲ್ಲಿ ನಿಂತ. ಅವನ ಮುಖ ನನಗೆ ಕಾಣುತ್ತಿತ್ತು, ಅದರಲ್ಲಿ ಇದ್ದದ್ದು ಪ್ರೀತಿಯೇ. ಅದರಲ್ಲಿ ನನಗೆ ಅನುಮಾನವಿಲ್ಲ.

"ಬಸಪ್ಪ ಬರ್ಲಿ ಸಾಬ್," ಎಂದ. "ನಾ ಒಬ್ಬಾಂವ ಹೆಂಗ ಬರ್ಲಿ?"

"ನಾ ಕರೀತೀನಲ್ಲೋ. ಬಾ."

"ನಿಮ್ಮ ಮಾತ ಐತೆಲ್ಲ ಸಾಬ್," ಎಂದ ಖಾಸೀಂ, ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ. "ಬಸಪ್ಪ ಕೇಳಿದ್ರ ಏನ್ ಹೇಳ್ಲಿ?"

ಅವರು ಮತ್ತೆ ಕರೆಯಲಿಲ್ಲ. ಹೊತ್ತು ಇಳಿದ ಮೇಲೆ ಖಾಸೀಂ ನೀಲಿ ಕೈ ಎತ್ತಿ ಸಲಾಂ ಮಾಡಿ ತನ್ನ ಓಣಿಗೆ ಹೋದ. ಬಸಪ್ಪನ ಗಾಡಿ ದೀಪ ಹಚ್ಚುವ ಹೊತ್ತಿಗೆ ಬಂತಂತೆ. ಖಾಸೀಂ ಹೋದನೆಂದು ಕೇಳಿ ಅವನೂ ಮನೆಗೆ ಹೋದ. ಮುಂದಿನ ಶುಕ್ರವಾರದ ಹೊತ್ತಿಗೆ ವಕೀಲರಿರಲಿಲ್ಲ.

ಆ ಸಂಜೆ, ಖಾಸೀಂ ಹೋದ ಮೇಲೆ, ನಾನು ಹೊರಗೆ ಬಂದಾಗ ಅವರು ತಂಬಿಗೆಯ ನೀರನ್ನು ಒಂದು ಲೋಟಕ್ಕೆ ಹಾಕುತ್ತಿದ್ದರು. ನನಗೆ ಕೊಡುತ್ತಾರೆ ಎಂದುಕೊಂಡೆ. ಅವರೇ ಕುಡಿದರು. ಉಳಿದ ಎರಡು ಲೋಟಗಳನ್ನು ಬಾಕಿನ ಮೇಲೆ, ತಮ್ಮ ಆ ಕಡೆಗೊಂದು ಈ ಕಡೆಗೊಂದು, ಬೋರಲು ಹಾಕಿದರು.

"ಪಾಠ ಛಲೋ ಕಲ್ತಾನ," ಎಂದರು.